ಹನ್ನೆರಡು ಮಕ್ಕಳು, ಹತ್ತು ದಿನ, ಒಂದೇ ಮನೆ

ಬೇಸಿಗೆ ರಜೆಗೆ ಅಣ್ಣತಮ್ಮ ಅಕ್ಕತಂಗಿಯರ ಸಂಸಾರವೆಲ್ಲ ಒಂದೇ ಸೂರಿನಡಿ ಸೇರೋದು ಅಂತ ತೀರ್ಮಾನ ಆದ ತಕ್ಷಣ ಒಂದು ವಾಟ್ಸಾಪ್ ಗುಂಪು ಹುಟ್ಟಿಕೊಳ್ಳುತ್ತದೆ. ಕೋಣೆ ಎಷ್ಟು, ಹಾಸಿಗೆ ಎಷ್ಟು, ಯಾರ ಗಾಡಿಯಲ್ಲಿ ಯಾರು ಅಂತ ಮೂರು ದಿನ ಬರೀ ಇದೇ ಚರ್ಚೆ. ಮಕ್ಕಳನ್ನು ನೋಡಿಕೊಳ್ಳೋದು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಸಿದ್ಧವಿರುತ್ತದೆ: "ಅಷ್ಟು ಜನ ದೊಡ್ಡೋರು ಇರ್ತೀವಲ್ಲ, ಯಾರಾದ್ರೂ ನೋಡ್ಕೋತಾರೆ ಬಿಡು."

ಈ "ಯಾರಾದ್ರೂ" ಅನ್ನೋ ಪುಣ್ಯಾತ್ಮ ಯಾವ ಮನೆಯಲ್ಲೂ ಇಲ್ಲ. ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಸ್ನಾನಕ್ಕೆ ಹೊರಟರೆ "ಇವನ್ನ ನೋಡ್ಕೋ" ಅಂತ ಇನ್ನೊಬ್ಬರಿಗೆ ಕೂಗಿ ಹೇಳಿ ಹೋಗುತ್ತಾರೆ. ಹತ್ತು ಜನ ದೊಡ್ಡವರು ತುಂಬಿರುವ ಮನೆಯಲ್ಲಿ ಹೇಳದೇ ಹೋಗುತ್ತಾರೆ. ಹಾಲ್‌ನಲ್ಲಿ ಅಷ್ಟು ಜನ ಕೂತಿದ್ದಾರಲ್ಲ ಎಂಬ ಧೈರ್ಯ. ಕೂತವರಿಗೂ ಅದೇ ಧೈರ್ಯ, ಮಗುವಿನ ಅಮ್ಮ ಇಲ್ಲೇ ಎಲ್ಲೋ ಇದ್ದಾಳೆ ಅಂತ. ಕುಟುಂಬದ ರಜೆಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಈ ಎರಡು ಧೈರ್ಯಗಳ ನಡುವೆ. ಹಾಗಾಗಿ ನನ್ನ ವಾದ ಇಷ್ಟೇ: ಪ್ರತಿ ಕೆಲಸಕ್ಕೆ, ಪ್ರತಿ ಹೊತ್ತಿಗೆ, ಒಂದು ಹೆಸರು ಬರೆದಿಡಿ. ಒಂದೇ ಹೆಸರು. ಎರಡು ಬರೆದರೆ ಮತ್ತೆ ಅದೇ ಕಥೆ.

ನೀರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದ ತಪ್ಪುಗಳನ್ನು ತಿದ್ದಿಕೊಳ್ಳಬಹುದು, ಇದನ್ನು ಆಗುವುದಿಲ್ಲ.

ಮುಳುಗುತ್ತಿರುವ ಮಗು ಕೂಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಕೂಗುವುದಿಲ್ಲ. ಕೂಗಲು ಉಸಿರು ಬೇಕು. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಉಸಿರು ಎಳೆದುಕೊಳ್ಳಲಿಕ್ಕೇ ಪುರುಸೊತ್ತಿಲ್ಲ. ಕೈ ಬೀಸಿ ಕರೆಯುವುದೂ ಇಲ್ಲ. ಎರಡೂ ಕೈ ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ತಲೆ ಹಿಂದಕ್ಕೆ ವಾಲಿರುತ್ತದೆ, ಮೈ ನೆಟ್ಟಗಿರುತ್ತದೆ, ಕಾಲು ಬಡಿದಂತೆ ಕಾಣುವುದಿಲ್ಲ. ದಡದಲ್ಲಿ ಕೂತು ಹರಟುವವರ ಕಣ್ಣಿಗೆ ಮಗು ನೀರಲ್ಲಿ ನಿಂತು ಆಕಾಶ ನೋಡುತ್ತಿದೆ ಅನ್ನಿಸುತ್ತದೆ. ಈ ಸ್ಥಿತಿಯಿಂದ ಪೂರ್ತಿ ಮುಳುಗಲು ಒಂದು ನಿಮಿಷವೂ ಬೇಕಿಲ್ಲ. ಸುತ್ತ ಇನ್ನು ಹನ್ನೊಂದು ಮಕ್ಕಳು ಕಿರುಚಿ ನೀರೆರಚುತ್ತಿದ್ದರೆ ಆ ಒಂದು ಮೌನ ಯಾರ ಕಿವಿಗೂ ಬೀಳುವುದಿಲ್ಲ.

ಆದ್ದರಿಂದ ನೀರಿನ ಪಾಳಿ. ಒಬ್ಬ ದೊಡ್ಡವರು, 15 ನಿಮಿಷ, ಹೆಚ್ಚೆಂದರೆ 20. ಅದಕ್ಕಿಂತ ಜಾಸ್ತಿ ಹೊತ್ತು ಒಂದೇ ಕಡೆ ಕಣ್ಣಿಟ್ಟು ನೋಡಲು ಯಾರಿಗೂ ಆಗುವುದಿಲ್ಲ, ಗಮನ ತಾನಾಗಿ ಜಾರುತ್ತದೆ. ಪಾಳಿಯಲ್ಲಿರುವವರ ಕೈಯಲ್ಲಿ ಒಂದು ಗುರುತಿನ ವಸ್ತು ಇರಲಿ, ಕೆಂಪು ಟೋಪಿಯೋ ಸೀಟಿಯೋ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವರ ಬಾಯಿಂದ "ಈಗ ನಾನು ನೋಡ್ತಿದೀನಿ" ಅಂತ ಕೇಳಿಸಿಕೊಂಡ ಮೇಲೇ ಜಾಗ ಬಿಡಬೇಕು. ಪಾಳಿಯಲ್ಲಿದ್ದಾಗ ಫೋನ್ ಇಲ್ಲ, ಪುಸ್ತಕ ಇಲ್ಲ, ಕುಡಿತ ಇಲ್ಲ, ಪಕ್ಕದವರ ಜೊತೆ ಹರಟೆಯೂ ಇಲ್ಲ. ಮಕ್ಕಳ ಫೋಟೋ ತೆಗೆಯುವುದು ಕೂಡ ನೋಡುವ ಕೆಲಸವಲ್ಲ, ಆಗ ಕಣ್ಣು ಒಂದು ಮಗುವಿನ ಮೇಲಿರುತ್ತದೆ. ಈಜು ಬಾರದ ಪುಟಾಣಿಗಳ ಲೆಕ್ಕವೇ ಬೇರೆ. ಅಂಥ ಒಂದೊಂದು ಮಗುವಿಗೂ ಒಬ್ಬ ದೊಡ್ಡವರು ನೀರಿಗಿಳಿದು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು. ತೋಳಿಗೆ ಹಾಕುವ ಗಾಳಿ ತುಂಬಿದ ಪಟ್ಟಿ ಆಟದ ಸಾಮಾನು ಅಷ್ಟೇ. ಜಾರಿ ಕಳಚಿಕೊಳ್ಳುತ್ತದೆ, ಗಾಳಿ ಬಿಡುತ್ತದೆ. ಮಗುವಿಗೆ "ನನಗೆ ತೇಲಲು ಬರುತ್ತದೆ" ಎಂಬ ಸುಳ್ಳು ಭರವಸೆಯನ್ನೂ ಕಲಿಸುತ್ತದೆ. ದೋಣಿ, ಹೊಳೆ, ಸಮುದ್ರ ಅಂದರೆ ಮೈ ಅಳತೆಗೆ ಸರಿಯಾದ ಲೈಫ್ ಜಾಕೆಟ್. ತೊಡಿಸಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲ ದಾಟಿ ಕಿವಿವರೆಗೆ ಬಂದರೆ ಅದು ದೊಡ್ಡದು.

ಆಟ ಮುಗಿದ ಮೇಲೆ ಚೆಂಡು, ಬಾತುಕೋಳಿ ಗೊಂಬೆ ಏನೂ ನೀರಲ್ಲಿ ತೇಲುತ್ತಿರಬಾರದು. ಎರಡು ವರ್ಷದ ಮಗು ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಬಚ್ಚಲ ಬಕೆಟ್‌ನಲ್ಲಿರುವ ನಾಲ್ಕೈದು ಸೆಂಟಿಮೀಟರ್ ನೀರೂ ಅಂಬೆಗಾಲಿಡುವ ಮಗುವಿಗೆ ಸಾಕು, ತಲೆ ಭಾರಕ್ಕೆ ಮುಗ್ಗರಿಸಿದರೆ ಅದಕ್ಕೆ ತಾನಾಗಿ ಏಳಲು ಆಗುವುದಿಲ್ಲ. ಮಗು ಕಾಣಿಸುತ್ತಿಲ್ಲ ಎಂದಾದರೆ ಮಂಚದ ಕೆಳಗೆ, ಬಾಗಿಲ ಹಿಂದೆ ಹುಡುಕುವ ಮೊದಲು ನೀರಿರುವ ಜಾಗಕ್ಕೆ ಓಡಿ. ಮಂಚದ ಕೆಳಗಿದ್ದರೆ ಹತ್ತು ನಿಮಿಷ ಬಿಟ್ಟು ಸಿಕ್ಕರೂ ನಡೆಯುತ್ತದೆ. ಮನೆಯಲ್ಲಿ ಸೇರುವ ದೊಡ್ಡವರಲ್ಲಿ ಒಬ್ಬರಾದರೂ ಸಿಪಿಆರ್ ಕಲಿತಿರಬೇಕು. ನೀರಿನಿಂದ ಎತ್ತಿದ ಮಗು ಉಸಿರಾಡುತ್ತಿಲ್ಲವಾದರೆ ಮೊದಲು ಬಾಯಿಂದ ಉಸಿರು ಕೊಡಬೇಕು, ಆಮೇಲೆ ಎದೆ ಒತ್ತುವುದು. ಬರೀ ಎದೆ ಒತ್ತಿದರೆ ಸಾಲದು, ಅಲ್ಲಿ ಖಾಲಿಯಾಗಿರುವುದು ಆಮ್ಲಜನಕ. ಹೊಟ್ಟೆ ಒತ್ತಿ ನೀರು ಹೊರಗೆ ತೆಗೆಯುವ ಸಾಹಸ ಬೇಡ, ಅದರಿಂದ ವಾಂತಿಯಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ.

ಎಣಿಕೆಯದು ಇನ್ನೊಂದು ಫಜೀತಿ. ಓಡಾಡುವ ಹನ್ನೆರಡು ಮಕ್ಕಳನ್ನು ಬೆರಳು ತೋರಿಸಿ ಎಣಿಸಿದರೆ ಒಮ್ಮೆ ಹನ್ನೊಂದು, ಒಮ್ಮೆ ಹದಿಮೂರು. ಪ್ರತಿ ಮಗುವಿಗೂ ಒಂದು ನಂಬರ್ ಕೊಡಿ, ದೊಡ್ಡವನಿಗೆ 1, ಕೊನೆಯ ಕೂಸಿಗೆ 12. "ಎಣಿಸಿ" ಅಂದರೆ ಅವರವರ ನಂಬರ್ ಅವರವರೇ ಕೂಗಬೇಕು. ಎಷ್ಟು ಜನ ಕಮ್ಮಿ ಅಂತ ಮಾತ್ರವಲ್ಲ, ಯಾರು ಇಲ್ಲ ಅಂತಲೂ ಆ ಕ್ಷಣ ಗೊತ್ತಾಗುತ್ತದೆ. ಮಾತು ಬಾರದವರದ್ದನ್ನು ಆ ಹೊತ್ತಿಗೆ ಅವರ ಹೊಣೆ ಹೊತ್ತ ದೊಡ್ಡವರು ಕೂಗಲಿ. (ಎರಡನೇ ದಿನ ಒಬ್ಬ ತರಲೆ ಇನ್ನೊಬ್ಬನ ನಂಬರ್ ಕೂಗಿಯೇ ಕೂಗುತ್ತಾನೆ. ಅದು ತಮಾಷೆಯ ವಿಷಯವಲ್ಲ ಅಂತ ಮೊದಲ ದಿನವೇ ಹೇಳಿಬಿಡಿ.) ಜಾತ್ರೆಯಂಥ ಜನಜಂಗುಳಿಗೆ ಹೊರಟಾಗ ಬಾಗಿಲಲ್ಲೇ ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಮಗು ತಪ್ಪಿಸಿಕೊಂಡರೆ "ಯಾವ ಬಣ್ಣದ ಅಂಗಿ ಹಾಕಿತ್ತು?" ಎಂಬ ಪ್ರಶ್ನೆಗೆ ಗಾಬರಿಯಲ್ಲಿ ಹೆತ್ತ ತಾಯಿಗೂ ಉತ್ತರ ಹೊಳೆಯುವುದಿಲ್ಲ.

ಗಾಡಿಗಳದ್ದೂ ಇದೇ ರೋಗ. ಮೂರು ಗಾಡಿಯಲ್ಲಿ ಹೋಗಿ ಮೂರು ಗಾಡಿಯಲ್ಲಿ ಬರುತ್ತಾರೆ, ಮಕ್ಕಳು ಮಾತ್ರ ಬರುವಾಗ ಅದಲುಬದಲಾಗಿರುತ್ತಾರೆ. "ಅವನು ಮಾವನ ಗಾಡೀಲಿ ಬರ್ತಿದಾನೆ ಅಂದ್ಕೊಂಡೆ" ಎಂಬ ಒಂದೇ ವಾಕ್ಯದಲ್ಲಿ ಮಗು ಅಲ್ಲೇ ಉಳಿದಿರಬಹುದು, ಇಲ್ಲವೇ ನಿದ್ದೆ ಬಂದು ಹಿಂದಿನ ಸೀಟಿನಲ್ಲೇ ಒರಗಿರಬಹುದು. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ; ಕಿಟಕಿ ಎರಡು ಬೆರಳು ಇಳಿಸಿದ್ದರೂ ದೊಡ್ಡ ವ್ಯತ್ಯಾಸವಿಲ್ಲ. ಮಕ್ಕಳ ಮೈ ದೊಡ್ಡವರದ್ದಕ್ಕಿಂತ ಬೇಗ ಕಾಯುತ್ತದೆ. ಹಾಗಾಗಿ ಹತ್ತುವಾಗ ಒಂದು ಎಣಿಕೆ, ಇಳಿದ ಮೇಲೆ ಒಂದು. ಡ್ರೈವ್ ಮಾಡಿದವರೇ ಹಿಂದಿನ ಬಾಗಿಲು ತೆರೆದು ಸೀಟು, ಕಾಲಿಡುವ ಜಾಗ ಎಲ್ಲ ನೋಡಿ ಬೀಗ ಹಾಕಬೇಕು. ಆಟವಾಡಲು ಹತ್ತಿ ಕೂರುವ ಮಕ್ಕಳೂ ಇದ್ದಾರೆ, ಕೀ ಅವರ ಕೈಗೆಟುಕದ ಮೊಳೆಯಲ್ಲಿರಲಿ.

ಔಷಧದ ವಿಷಯಕ್ಕೆ ಬರೋಣ, ಇಲ್ಲಿ ಪ್ರೀತಿಯೇ ಮುಳುವಾಗುತ್ತದೆ. ಮಗುವಿಗೆ ಜ್ವರ. ಚಿಕ್ಕಮ್ಮ ಮಧ್ಯಾಹ್ನ ಪ್ಯಾರಾಸಿಟಮಾಲ್ ಸಿರಪ್ ಕುಡಿಸುತ್ತಾಳೆ. ಅಮ್ಮ ಪೇಟೆಯಿಂದ ಬಂದು ಹಣೆ ಮುಟ್ಟಿ ನೋಡಿ ತಾನೂ ಕುಡಿಸುತ್ತಾಳೆ. ರಾತ್ರಿ ಅಜ್ಜಿಯದ್ದು ಇನ್ನೊಂದು. ಅದರ ಮೇಲೆ ಬಾಟಲಿಗಳ ಗೊಂದಲ: ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಒಂದು ಸಲದ ಪ್ರಮಾಣ. 12 ಕಿಲೋ ಮಗುವಿಗೆ ಹೆಚ್ಚೆಂದರೆ 180 ಮಿಲಿಗ್ರಾಂ, ಅಂದರೆ ಮೊದಲ ಬಾಟಲಿಯಲ್ಲಿ ಏಳೂವರೆ ಎಂಎಲ್. "ನಮ್ಮ ಮಗುಗೆ ಏಳೂವರೆ ಕೊಡೋದು" ಅಂತ ಕೇಳಿಸಿಕೊಂಡವರು ಎರಡನೇ ಬಾಟಲಿಯಿಂದ ಅಷ್ಟೇ ಅಳೆದರೆ ಹೊಟ್ಟೆಗೆ ಹೋಗುವುದು 375 ಮಿಲಿಗ್ರಾಂ, ಎರಡು ಪಟ್ಟಿಗೂ ಮಿಗಿಲು. ಒಂದು ಡೋಸಿಗೂ ಇನ್ನೊಂದಕ್ಕೂ ಕನಿಷ್ಠ 4 ಗಂಟೆ ಅಂತರ ಬೇಕು, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಕೂಡದು. ಜಾಸ್ತಿಯಾದರೆ ಪೆಟ್ಟು ಬೀಳುವುದು ಯಕೃತ್ತಿಗೆ, ಅದೂ ಕೂಡಲೇ ಗೊತ್ತಾಗದ ಹಾಗೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು, ಸಿರಪ್ ಯಾವುದೂ ಬೇಡ, ನೇರ ಡಾಕ್ಟರ ಹತ್ತಿರ.

ಪರಿಹಾರ ಒಂದು ಹಾಳೆ, ಒಂದು ಪೆನ್ನು. ಫ್ರಿಜ್ ಬಾಗಿಲಿಗೆ ಅಂಟಿಸಿ, ಪೆನ್ನನ್ನು ದಾರದಲ್ಲಿ ಅಲ್ಲೇ ಕಟ್ಟಿ. ಇಲ್ಲದಿದ್ದರೆ ಪೆನ್ನು ಹುಡುಕುವಷ್ಟರಲ್ಲಿ ಬರೆಯುವುದು ಮರೆತುಹೋಗುತ್ತದೆ. ಮಗುವಿನ ಹೆಸರು, ತೂಕ, ಔಷಧ, ಎಷ್ಟು, ಎಷ್ಟು ಗಂಟೆಗೆ, ಕೊಟ್ಟವರು ಯಾರು. ಹಾಳೆ ನೋಡದೆ ಯಾರೂ ಬಾಟಲಿಯ ಮುಚ್ಚಳ ತೆರೆಯುವಂತಿಲ್ಲ. ಅಲರ್ಜಿ ಇರುವ ಮಕ್ಕಳ ವಿವರವೂ ಅದೇ ಹಾಳೆಯ ತಲೆಯಲ್ಲಿ ಕೆಂಪು ಅಕ್ಷರದಲ್ಲಿರಲಿ. ಮಕ್ಕಳಿಗೆ ಜ್ವರಕ್ಕೆ ಆಸ್ಪಿರಿನ್ ಬೇಡವೇ ಬೇಡ. ಹಿರಿಯರ ಬಿಪಿ, ಶುಗರ್ ಮಾತ್ರೆಗಳ ಚೀಲ ನೆಲದ ಮೇಲೋ ದಿಂಬಿನ ಪಕ್ಕವೋ ಇರುವುದು ಈ ರಜೆಗಳ ಮಾಮೂಲಿ ದೃಶ್ಯ. ಸಕ್ಕರೆ ಇಳಿಸುವ ಒಂದೇ ಒಂದು ಮಾತ್ರೆ ನುಂಗಿದರೂ ಪುಟ್ಟ ಮಗು ಅಪಾಯಕ್ಕೆ ಸಿಲುಕಬಹುದು. ಬಂದ ದಿನವೇ ಎಲ್ಲರ ಮಾತ್ರೆ ಒಂದು ಡಬ್ಬಿಗೆ, ಡಬ್ಬಿ ಅತಿ ಎತ್ತರದ ಶೆಲ್ಫಿಗೆ.

ಭೇದಿ ಒಬ್ಬರಿಗೆ ಶುರುವಾದರೆ ಮೂರು ದಿನದಲ್ಲಿ ಅರ್ಧ ಮನೆಗೆ. ಓಆರ್‌ಎಸ್ ಪೊಟ್ಟಣ ಕನಿಷ್ಠ ಹತ್ತು ಇರಲಿ. ಒಂದು ಲೀಟರಿನ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಕರಗಿಸಬೇಕು. ಒಂದು ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಗುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಸಮತಟ್ಟಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 24 ಗಂಟೆ ಆದ ಮೇಲೆ ಉಳಿದಿದ್ದನ್ನು ಚೆಲ್ಲಿ. ವಾಂತಿಯಾಗುತ್ತಿದ್ದರೆ ಒಂದೊಂದೇ ಚಮಚ, ನಿಧಾನವಾಗಿ. ಕಣ್ಣು ಗುಳಿಬಿದ್ದು, ಮಗು ಮಂಕಾಗಿ, ಆರೆಂಟು ಗಂಟೆ ಮೂತ್ರವೇ ಆಗಿಲ್ಲ ಎಂದರೆ ಆಸ್ಪತ್ರೆ.

ಊಟದ ಬಗ್ಗೆ ಉದ್ದ ಬರೆಯುವುದಿಲ್ಲ, ಅದಕ್ಕೆ ಎಲ್ಲ ಮನೆಯಲ್ಲೂ ಪರಿಣಿತರಿದ್ದಾರೆ. ಎರಡೇ ಮಾತು. ಮಾಡಿಟ್ಟ ಅಡುಗೆ ಹೊರಗಿರಬಹುದಾದದ್ದು ಎರಡು ಗಂಟೆ. 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ಐದು ವರ್ಷದೊಳಗಿನವರ ಕೈಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಸಿಗಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಮಾಡಿ, ಅಡ್ಡಕ್ಕೆ ಕತ್ತರಿಸಿದರೆ ಆ ದುಂಡು ಹಾಗೇ ಉಳಿದು ಗಂಟಲಿಗೆ ಬಿರಡೆಯಂತೆ ಕೂರುತ್ತದೆ. ಅಮ್ಮ ಜಾಗ್ರತೆ ಮಾಡುತ್ತಾಳೆ, ಸರಿ. ಕೊಡುವುದು ಪ್ರೀತಿಯ ಏಳು ವರ್ಷದ ಅಕ್ಕ.

ಈ ಅಕ್ಕನ ವಿಷಯ ಬಂದಿತಲ್ಲ, ಹೇಳಿಯೇ ಬಿಡುತ್ತೇನೆ. ಪ್ರತಿ ಕುಟುಂಬದಲ್ಲೂ ಹನ್ನೆರಡು ಹದಿಮೂರರ ಒಬ್ಬ ಹುಡುಗಿ ಇರುತ್ತಾಳೆ. ಜವಾಬ್ದಾರಿಯವಳು, ಪುಟಾಣಿಗಳಿಗೆಲ್ಲ ಅವಳೆಂದರೆ ಪ್ರಾಣ. ಮೂರನೇ ದಿನಕ್ಕೆ ಅವಳು ಸಂಬಳವಿಲ್ಲದ ಆಯಾ ಆಗಿರುತ್ತಾಳೆ. ಅದೇ ವಯಸ್ಸಿನ ಅವಳ ಅಣ್ಣತಮ್ಮಂದಿರು ಬ್ಯಾಟು ಹಿಡಿದು ಹೊರಗೆ. "ಎಷ್ಟು ಚೆನ್ನಾಗಿ ನೋಡ್ಕೋತಾಳೆ" ಎಂದು ಹೊಗಳುವುದು ಅವಳ ರಜೆಯನ್ನು ಕಸಿದುಕೊಳ್ಳುವ ನಯವಾದ ದಾರಿ. ಸುರಕ್ಷತೆ ದೃಷ್ಟಿಯಿಂದಲೂ ಇದು ತಪ್ಪು: ಹದಿಮೂರರ ಹುಡುಗಿ ಕಣ್ಣಿಡಬಲ್ಲಳು, ಹೊಣೆ ಹೊರಲಾರಳು. ಹಾಳೆಯಲ್ಲಿ ಬರೆಯುವ ಹೆಸರು ಯಾವಾಗಲೂ ದೊಡ್ಡವರದ್ದೇ ಆಗಿರಬೇಕು.

ಅಡುಗೆಮನೆಯಲ್ಲೂ ಇದೇ ಲೆಕ್ಕ. ಪಾಳಿ ಇಲ್ಲದಿದ್ದರೆ ಇಡೀ ಹತ್ತು ದಿನ ಇಬ್ಬರು ಹೆಂಗಸರ ಬೆನ್ನ ಮೇಲೆ ಬೀಳುತ್ತದೆ, ಉಳಿದವರು "ಏನಾದ್ರೂ ಹೆಲ್ಪ್ ಬೇಕಾ?" ಅಂತ ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಾರೆ. ಒಂದು ಹೊತ್ತಿನ ಊಟಕ್ಕೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಇಬ್ಬರು ದೊಡ್ಡವರಲ್ಲಿ ಮುಖ್ಯಸ್ಥರು ಯಾರು ಅಂತಲೂ ಬರೆದಿರಲಿ. ಏನು ಮಾಡುವುದು ಎಂದು ಯೋಚಿಸುವುದು, ಸಾಮಾನು ತರಿಸುವುದು, ಪಾತ್ರೆ ತೊಳೆದು ಒಲೆ ಒರೆಸುವುದು ಎಲ್ಲ ಅವರದೇ. ಬರೀ ಸೌಟು ತಿರುಗಿಸುವುದಕ್ಕೆ ಪಾಳಿ ಅನ್ನುವುದಿಲ್ಲ. ಆ ಹೊತ್ತು ಪಾಳಿ ಇಲ್ಲದವರು ಅಡುಗೆಮನೆಗೆ ಕಾಲಿಡಬಾರದು, ಸಲಹೆ ಕೊಡಲು ಕೂಡ. ಇದೇ ಅತಿ ಕಷ್ಟದ ನಿಯಮ. ಮೊದಲು ಮುರಿಯುವುದು ಮನೆಯ ಅತಿ ಒಳ್ಳೆ ಅಡುಗೆಯವರು, ರುಚಿ ಕೆಡುತ್ತದೆ ಎಂಬ ಸಂಕಟಕ್ಕೆ. ಒಂದು ಹೊತ್ತು ಉಪ್ಪು ಜಾಸ್ತಿಯಾಗಲಿ ಬಿಡಿ. ನಾಲ್ಕು ವರ್ಷದವರು ತಟ್ಟೆ ಲೋಟ ಇಡುತ್ತಾರೆ, ಏಳರವರು ತರಕಾರಿ ತೊಳೆಯುತ್ತಾರೆ, ಹತ್ತು ದಾಟಿದವರು ಬಡಿಸಿ ಪಾತ್ರೆ ಒರೆಸುತ್ತಾರೆ. ಹುಡುಗರೂ ಹೌದು.

ನಿದ್ದೆಗೆ ಬನ್ನಿ. ಸಂಜೆ ಆರಕ್ಕೆ ಶುರುವಾಗುವ ಅಳು, ಕಚ್ಚಾಟ, "ಅವನು ನನ್ನ ನೋಡಿ ನಕ್ಕ" ಎಂಬ ದೂರು, ಇವುಗಳಲ್ಲಿ ಮುಕ್ಕಾಲು ಪಾಲಿನ ಬೇರು ಹಿಂದಿನ ರಾತ್ರಿಯಲ್ಲಿರುತ್ತದೆ. ಮೂರರಿಂದ ಐದು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನದೂ ಸೇರಿ. ಆರರಿಂದ ಹನ್ನೆರಡರವರಿಗೆ 9ರಿಂದ 12. ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಸಾಲಾಗಿ ಮಲಗಿಸುವುದು ಚಂದ ಕಾಣುತ್ತದೆ, ಆದರೆ ಹನ್ನೆರಡರವರು ಹನ್ನೊಂದು ಗಂಟೆವರೆಗೆ ಪಿಸುಗುಟ್ಟಿ ನಗುತ್ತಿದ್ದರೆ ನಾಲ್ಕರವರು ಎಲ್ಲಿ ಮಲಗುತ್ತಾರೆ? ಚಿಕ್ಕವರಿಗೆ ಬೇರೆ ಕೋಣೆ, ಒಂದೂವರೆ ಗಂಟೆ ಮೊದಲೇ ದೀಪ ಆರಬೇಕು. ಒಂದು ವರ್ಷದೊಳಗಿನ ಕೂಸನ್ನು ಈ ಸಾಲಿನಲ್ಲಿ ಮಲಗಿಸಲೇಬೇಡಿ. ಅಂಗಾತ, ಗಟ್ಟಿ ಹಾಸಿಗೆಯಲ್ಲಿ, ದಿಂಬಿಲ್ಲದೆ, ಬೇರೆ ಮಕ್ಕಳ ಕೈಕಾಲು ತಾಗದ ಜಾಗದಲ್ಲಿ. ಮಧ್ಯಾಹ್ನ ಒಂದರಿಂದ ಮೂರು ಇಡೀ ಮನೆ ಸ್ತಬ್ಧ. ನಿದ್ದೆ ಬಾರದ ದೊಡ್ಡ ಮಕ್ಕಳು ಓದಲಿ, ಚಿತ್ರ ಬರೆಯಲಿ, ಸುಮ್ಮನೆ ಸೂರು ನೋಡುತ್ತಾ ಬಿದ್ದಿರಲಿ.

ಜಗಳ ಆಗದ ಹಾಗೆ ಮಾಡಲು ಹೋಗಬೇಡಿ, ಅದು ಆಗದ ಮಾತು. ಒಂದೇ ಉಯ್ಯಾಲೆಗೆ ನಾಲ್ವರು ಬಡಿದಾಡಿದರೆ "ಚಿಕ್ಕವನು ಅಲ್ವಾ, ಬಿಟ್ಟುಕೊಡು" ಅನ್ನುವುದು ದೊಡ್ಡವರ ಸುಲಭದ ತೀರ್ಪು. ಎರಡು ಸಲ ಬಿಟ್ಟುಕೊಟ್ಟ ಎಂಟರ ಹುಡುಗ ಮೂರನೇ ಸಲ ತಳ್ಳುತ್ತಾನೆ. ಫೋನಿನಲ್ಲಿ ಮೂರು ನಿಮಿಷದ ಟೈಮರ್ ಇಟ್ಟು ಕೈಬಿಡಿ. ಗಂಟೆ ಬಾರಿಸಿದ್ದು ಯಂತ್ರ, ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾರಿಗೂ ಬರುವುದಿಲ್ಲ. ಐದರವರು ಹದಿಮೂರರವರು ಒಂದೇ ಆಟ ಆಡುವಾಗ ಸೋಲುಗೆಲುವಿನ ಆಟ ಬೇಡ. ಕಣ್ಣಾಮುಚ್ಚಾಲೆಯಾದರೆ ಚಿಕ್ಕವರು ದೊಡ್ಡವರ ಜೊತೆ ಜೋಡಿಯಾಗಿ ಅವಿತುಕೊಳ್ಳಲಿ. ಅವಿಯುವ ಜಾಗದ ಪಟ್ಟಿಯಿಂದ ಪೆಟ್ಟಿಗೆ, ಫ್ರಿಜ್, ಕಾರು ಹೊರಗೆ.

ಬೈಯುವ ಅಧಿಕಾರ ಯಾರದ್ದು ಎಂಬುದಕ್ಕೆ ದೊಡ್ಡವರೊಳಗೆ ಮುನಿಸು ಬರುತ್ತದೆ. ಹೊರಡುವ ಮೊದಲೇ ಮಾತಾಡಿಕೊಳ್ಳಿ: ಅಪಾಯ ಅನ್ನಿಸಿದರೆ ಯಾರು ಬೇಕಾದರೂ ಯಾರ ಮಗುವನ್ನಾದರೂ ಆ ಕ್ಷಣ ತಡೆಯಬಹುದು, ಬುದ್ಧಿ ಹೇಳುವುದು ಶಿಕ್ಷೆ ಕೊಡುವುದು ಹೆತ್ತವರಿಗೆ. ಮೊಬೈಲ್ ಎಷ್ಟು ಹೊತ್ತು ಎಂಬುದಕ್ಕೆ ಮಾತ್ರ ಇಡೀ ಮನೆಗೆ ಒಂದೇ ನಿಯಮ ಬೇಕು. ಒಬ್ಬಳ ಕೈಯಲ್ಲಿ ಫೋನ್ ಇದ್ದರೆ ಐವರು ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಾರೆ, ಮತ್ತೆ ಯಾರ ನಿಯಮವೂ ಉಳಿಯುವುದಿಲ್ಲ. ಮಾರ್ಕ್ಸು, ಬಣ್ಣ, ದಪ್ಪ ಸಣ್ಣ ಹೋಲಿಸಿ ಮಾತಾಡುವ ಹಿರಿಯರಿಗೆ ಮೊದಲೇ ಫೋನ್ ಮಾಡಿ ಹೇಳಿ, ಅವರವರ ಸ್ವಂತ ಮಗನೋ ಮಗಳೋ ಹೇಳಲಿ. ಸೊಸೆ ಹೇಳಿದರೆ ಅದೇ ಒಂದು ದೊಡ್ಡ ಕಥೆಯಾಗುತ್ತದೆ.

ಇನ್ನೊಂದು ಸೂಕ್ಷ್ಮ. ಮುತ್ತು ಕೊಡು, ತೊಡೆ ಮೇಲೆ ಕೂತ್ಕೋ ಅಂತ ಯಾವ ಮಗುವನ್ನೂ ಯಾರಿಗೂ ಒತ್ತಾಯಿಸಬೇಡಿ. ಯಾವುದೋ ಒಬ್ಬರ ಹತ್ತಿರ ಹೋಗಲ್ಲ, ಅವರ ಕೋಣೆಯಲ್ಲಿ ಮಲಗಲ್ಲ ಎಂದು ಮಗು ಹಟ ಹಿಡಿದರೆ ಎಲ್ಲರೆದುರು ಕಾರಣ ಕೇಳದೆ ಆ ಏರ್ಪಾಡನ್ನು ಬದಲಿಸಿ. ಆಮೇಲೆ ಒಂಟಿಯಾಗಿದ್ದಾಗ ನಿಧಾನ ವಿಚಾರಿಸಿ, ಹೇಳಿದ್ದನ್ನು ನಂಬಿ. ಸಂಬಂಧಿಕರು ಅಂದಮಾತ್ರಕ್ಕೆ ಮಗುವಿನ ಮಾತು ಸುಳ್ಳಾಗುವುದಿಲ್ಲ.

ದುಡ್ಡಿನ ಲೆಕ್ಕವನ್ನು ಮೊದಲೇ ಬರೆದಿಟ್ಟರೆ ಮುಂದಿನ ವರ್ಷವೂ ಸೇರುವ ಮನಸ್ಸಿರುತ್ತದೆ. ಬಾಡಿಗೆಯನ್ನು ಕೋಣೆ ಲೆಕ್ಕದಲ್ಲಿ, ಊಟವನ್ನು ತಲೆ ಲೆಕ್ಕದಲ್ಲಿ ಹಂಚಿ. ದೊಡ್ಡವರಿಗೆ ಒಂದು ಪಾಲು, ಮೂರರಿಂದ ಹನ್ನೆರಡರವರಿಗೆ ಅರ್ಧ, ಅದಕ್ಕೂ ಚಿಕ್ಕವರಿಗೆ ಇಲ್ಲ. ಗಂಡ ಹೆಂಡತಿ ಒಂದು ಕೈಗೂಸಾದರೆ 2 ಪಾಲು. ಗಂಡ ಹೆಂಡತಿ ಜೊತೆ ಆರು, ಒಂಬತ್ತು, ಹನ್ನೊಂದರ ಮೂವರಾದರೆ ಮೂರೂವರೆ. ಹದಿಮೂರು ದಾಟಿದ ಹುಡುಗರಿಗೆ ಪೂರ್ತಿ ಪಾಲು ಹಾಕಲು ಮುಜುಗರ ಬೇಡ, ತಟ್ಟೆ ನೋಡಿದವರು ಯಾರೂ ತಕರಾರು ಮಾಡುವುದಿಲ್ಲ. ಖರ್ಚು ಬರೆಯುವವರು ಒಬ್ಬರೇ ಇರಲಿ, ಪ್ರತಿ ರಾತ್ರಿ ಗುಂಪಿಗೆ ಹಾಕಲಿ.

ವಾಪಸ್ ಬಂದ ಮೇಲೆ ಎರಡು ಕೆಲಸ ಬಾಕಿ. ಹತ್ತು ದಿನ ತಲೆಗೆ ತಲೆ ತಾಗಿಸಿ ಮಲಗಿದ್ದಾರೆ, ಎಲ್ಲರ ತಲೆಯನ್ನೂ ಸಣ್ಣ ಹಣಿಗೆಯಲ್ಲಿ ಬಾಚಿ ನೋಡಿ, ವಾರ ಬಿಟ್ಟು ಇನ್ನೊಮ್ಮೆ. ಮೊದಲ ಸಲ ಹೇನು ಸಿಗದಿದ್ದರೂ ಸೀರು ಒಡೆಯಲು ಅಷ್ಟು ದಿನ ಬೇಕು. ಯಾವ ಮಗುವಿಗಾದರೂ ನೀರುಗುಳ್ಳೆ ಎದ್ದರೆ ನಾಚಿಕೊಳ್ಳದೆ ಅವತ್ತೇ ಗುಂಪಿಗೆ ಮೆಸೇಜ್ ಹಾಕಿ. ಸೀತಾಳೆ ಸಿಡುಬು ತಗುಲಿದ 10ರಿಂದ 21 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಜೊತೆಯಲ್ಲಿದ್ದವರಲ್ಲಿ ಯಾರಾದರೂ ಬಸುರಿ ಇದ್ದರೆ, ಮನೆಯಲ್ಲಿ ಹಸುಗೂಸಿದ್ದರೆ, ಅವರಿಗೆ ಮೆಸೇಜ್ ಸಾಲದು, ಫೋನೇ ಮಾಡಿ.